ಗದ್ದೆ ನಮ್ಮದು, ಹೆದ್ದಾರಿ ಯಾರದು?



ಕಬ್ಬು ಬೆಳೆಯುವವರಾದರೆ ಕಾರ್ಖಾನೆಯವರು ಕೊಟ್ಟ ಹೋದ ವರ್ಷದ ಬಿಲ್ಲನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ತರಕಾರಿ ಬೆಳೆಯುವವರಿಗೆ ಮಂಡಿ ಚೀಟಿ ಸಾಕು. ತೂಕ, ದರ, ಒಟ್ಟು ಮೊಬಲಗು ಎಲ್ಲ ನೋಡಿಕೊಂಡು ಕೆಳಗಡೆ ಕಡಿತದ ಸಾಲುಗಳಿಗೆ ಬನ್ನಿ. ಕಬ್ಬಿನ ಬಿಲ್ಲಿನಲ್ಲಿ ‘ಕಟಾವು ಮತ್ತು ಸಾಗಾಣಿಕೆ’ ಅಂತ ಒಂದು ಸಾಲಿದೆ. ಮಂಡಿ ಚೀಟಿಯಲ್ಲಿ ‘ಲಾರಿ ಬಾಡಿಗೆ’, ‘ಹಮಾಲಿ’ ಅಂತ ಇದೆ. ದರ ನೋಡಿ ನಾವು ಬೇಜಾರು ಮಾಡಿಕೊಳ್ಳುತ್ತೇವೆ, ಸೊಸೈಟಿ ಬಾಕಿ ಮುರಿದುಕೊಂಡದ್ದು ನೋಡಿ ಸಿಟ್ಟಾಗುತ್ತೇವೆ. ಈ ಬಾಡಿಗೆ ಸಾಲಿನ ಮೇಲೆ ಮಾತ್ರ ನಮ್ಮ ಕಣ್ಣು ನಿಲ್ಲುವುದೇ ಇಲ್ಲ. ಅದು ಮಳೆ ಗಾಳಿ ಇದ್ದ ಹಾಗೆ, ಯಾರೂ ಮಾಡಿದ್ದಲ್ಲ ಅಂದುಕೊಂಡಿದ್ದೇವೆ.

ಈಗ ಒಂದು ಪ್ರಶ್ನೆ. ಈ ಸಾಲಿನ ಮೊತ್ತ ಯಾವ ವರ್ಷವಾದರೂ ಇಳಿದದ್ದು ಉಂಟೇ?

ಯಾಕೆ ಕೇಳುತ್ತೇನೆಂದರೆ, ಹೆದ್ದಾರಿ ಆದರೆ ಸಾಗಾಣಿಕೆ ವೆಚ್ಚ ಇಳಿಯುತ್ತದೆ, ರೈತನ ಮಾಲು ಬೇಗ ಪೇಟೆ ಸೇರುತ್ತದೆ, ಬೆಲೆ ಸಿಗುತ್ತದೆ ಎಂಬ ಮಾತನ್ನು ನಾನು ಮೀಸೆ ಕಪ್ಪಗಿದ್ದಾಗಿನಿಂದ ಕೇಳುತ್ತಿದ್ದೇನೆ. 1999ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ಸುವರ್ಣ ಚತುಷ್ಪಥ 5,846 ಕಿಲೋಮೀಟರ್. ಅದು ನಮ್ಮ ರಾಜ್ಯದಲ್ಲಿ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾದು ಬೆಂಗಳೂರಿಗೆ ಬಂತು. 2017ರಲ್ಲಿ ಭಾರತಮಾಲಾ ಬಂತು, ಮೊದಲ ಹಂತವೇ 34,800 ಕಿಲೋಮೀಟರ್. 2014ರಲ್ಲಿ ದೇಶದಲ್ಲಿದ್ದ ರಾಷ್ಟ್ರೀಯ ಹೆದ್ದಾರಿ ಸುಮಾರು 91 ಸಾವಿರ ಕಿಲೋಮೀಟರ್, 2024ರ ಹೊತ್ತಿಗೆ 1 ಲಕ್ಷ 46 ಸಾವಿರ. ರಸ್ತೆ ಉದ್ದವಾಯಿತು, ಅಗಲವಾಯಿತು, ನುಣ್ಣಗೂ ಆಯಿತು. ನಮ್ಮ ಚೀಟಿಯ ಬಾಡಿಗೆ ಸಾಲು ಒಂದು ರೂಪಾಯಿ ಇಳಿಯಲಿಲ್ಲ.

ರಸ್ತೆ ಬೇಡ ಅನ್ನುವ ಮೂರ್ಖ ನಾನಲ್ಲ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋದ ಕಾಲ ನೋಡಿದ್ದೇನೆ. ಬೆಂಗಳೂರು-ಮೈಸೂರು ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿದರೆ ಒಳ್ಳೆಯದೇ. ಆದರೆ ಆ ಉಳಿದ ಒಂದೂವರೆ ಗಂಟೆ ಯಾರ ಜೇಬಿಗೆ ಹೋಯಿತು, ಅದರ ಬೆಲೆಯನ್ನು ಯಾರು ಕಟ್ಟಿದರು ಅಂತ ಲೆಕ್ಕ ಹಾಕುವ ಹಕ್ಕು ಗದ್ದೆ ಕಳೆದುಕೊಂಡವನಿಗೆ ಇಲ್ಲವೇ?

ಕಬ್ಬಿನಿಂದಲೇ ಶುರು ಮಾಡೋಣ. ಕೇಂದ್ರ ಸರ್ಕಾರ ಪ್ರತಿ ವರ್ಷ ಎಫ್‌ಆರ್‌ಪಿ ಅಂತ ದರ ಗೊತ್ತು ಮಾಡುತ್ತದೆ. 2025-26ರ ಹಂಗಾಮಿಗೆ ನೂರಕ್ಕೆ 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ, ಟನ್ನಿಗೆ 3,550. ಪೇಪರಿನಲ್ಲಿ ಓದಿದ ಪೇಟೆಯವರು ‘ನಿಮಗೇನ್ ಕಮ್ಮಿ ಗೌಡ್ರೇ’ ಅನ್ನುತ್ತಾರೆ. ಸ್ವಾಮಿ, ಅದು ಕಾರ್ಖಾನೆ ಬಾಗಿಲಿನ ದರ, ನಮ್ಮ ಗದ್ದೆ ಬದುವಿನ ದರ ಅಲ್ಲ. ಗದ್ದೆಯಿಂದ ಆ ಬಾಗಿಲಿಗೆ ಹೋಗುವ ಖರ್ಚನ್ನೆಲ್ಲ ಅದರಲ್ಲೇ ಮುರಿಯುತ್ತಾರೆ. ಎಷ್ಟು ಮುರಿಯಬೇಕು ಅಂತ ಹೇಳುವವನೂ ಕಾರ್ಖಾನೆಯವನೇ, ಲಾರಿ ಗೊತ್ತು ಮಾಡುವವನೂ ಅವನೇ, ಕೂಲಿ ತಂಡ ಕಳಿಸುವವನೂ ಅವನೇ. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕೆ ರೈತರು ಹಗಲೂ ರಾತ್ರಿ ಕೂತಾಗ ಈ ಕಟಾವು ಸಾಗಾಣಿಕೆಯ ತಕರಾರೂ ಅದರೊಳಗೆ ಸೇರಿತ್ತು.

ರಾಗಿಯದೂ ಅದೇ ಕತೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಅದು ಖರೀದಿ ಕೇಂದ್ರದ ಬಾಗಿಲಲ್ಲಿ. ಅಲ್ಲಿಗೆ ತಗೊಂಡು ಹೋಗುವ ಟ್ರಾಕ್ಟರ್ ಬಾಡಿಗೆ ನಿಮ್ಮದು. ಸಾಲಿನಲ್ಲಿ ಎರಡು ದಿನ ನಿಂತರೆ ಎರಡು ದಿನದ ಬಾಡಿಗೆಯೂ ನಿಮ್ಮದು. ಚೀಲಕ್ಕೆ ತೇವ ಇದೆ ಅಂತ ವಾಪಸ್ ಕಳಿಸಿದರೆ ತಿರುಗಿ ಬರುವ ಬಾಡಿಗೆಯೂ ನಿಮ್ಮದೇ.

ಅದೇ ಒಂದು ಮೂಟೆ ಸಿಮೆಂಟು, ಒಂದು ಪಂಪ್‌ಸೆಟ್ಟು, ಒಂದು ಡಬ್ಬ ಔಷಧಿ ನಮ್ಮೂರಿಗೆ ಬಂದರೆ ಏನಾಗುತ್ತದೆ? ಕಂಪನಿಯವನು ಸಾಗಾಣಿಕೆಯನ್ನು ಬೆಲೆಗೆ ಸೇರಿಸಿ ಡಬ್ಬದ ಮೇಲೆ ಅಚ್ಚು ಹಾಕಿರುತ್ತಾನೆ. ಕಂಪನಿಯ ಮಾಲು ಹೊರಟರೆ ಬಾಡಿಗೆ ಬೆಲೆಯ ಮೇಲೆ ಕೂರುತ್ತದೆ, ರೈತನ ಮಾಲು ಹೊರಟರೆ ಬಾಡಿಗೆ ಬೆಲೆಯಿಂದ ಇಳಿಯುತ್ತದೆ. ಹೋಗುವಾಗಲೂ ಕೊಡುವವರು ನಾವೇ, ಬರುವಾಗಲೂ ಕೊಡುವವರು ನಾವೇ. ಇದು ಒಂದೇ ರಸ್ತೆ, ಆದರೆ ಎರಡು ಕಾನೂನು.

ಇದೆಲ್ಲ ಮಾರುಕಟ್ಟೆ ನಿಯಮ, ಸರ್ಕಾರ ಏನು ಮಾಡಲಿಕ್ಕಾಗುತ್ತದೆ ಅಂತ ಓದಿಕೊಂಡವರು ಕೇಳುತ್ತಾರೆ. ಅವರಿಗೆ ಒಂದು ಹಳೆಯ ಸಂಗತಿ ನೆನಪು ಮಾಡಬೇಕು. 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ಈ ದೇಶದಲ್ಲಿ ಸಾಗಾಣಿಕೆ ವೆಚ್ಚ ಸಮೀಕರಣ ಅಂತ ಒಂದು ನೀತಿ ಇತ್ತು. ಉಕ್ಕು ಬಿಹಾರದಲ್ಲಿ ತಯಾರಾದರೂ ಮುಂಬಯಿಯ ಕಾರ್ಖಾನೆದಾರನಿಗೆ ಅದು ಬಿಹಾರದ ಬೆಲೆಗೇ ಸಿಗುತ್ತಿತ್ತು. ದೂರದ ಬಾಡಿಗೆಯನ್ನು ಸರ್ಕಾರ ಎಲ್ಲರ ಮೇಲೂ ಹಂಚಿ ಸರಿದೂಗಿಸುತ್ತಿತ್ತು. ಕೈಗಾರಿಕೆಯ ಧಣಿಗೆ ಸುಮಾರು ನಾಲ್ಕು ದಶಕ ದಾರಿಯ ದೂರವನ್ನೇ ಇಲ್ಲವಾಗಿಸಿದ ಸರ್ಕಾರಕ್ಕೆ ಮೂವತ್ತು ಮೈಲಿ ದೂರದ ಕಬ್ಬಿನವನ ಬಾಡಿಗೆ ಕಾಣಿಸಲಿಲ್ಲ. ಗೊಬ್ಬರ ಕಂಪನಿಗಳಿಗೆ ಸಾಗಾಣಿಕೆ ಸಬ್ಸಿಡಿ ಈಗಲೂ ಉಂಟು. ಬೇಡ ಅನ್ನುವುದಿಲ್ಲ, ಗೊಬ್ಬರ ಬರುವುದು ನಮಗೇ. ಊರಿಗೆ ಬರುವ ಚೀಲಕ್ಕೆ ಬಾಡಿಗೆ ಕೊಡಬಲ್ಲ ಸರ್ಕಾರ ಊರಿಂದ ಹೊರಡುವ ಚೀಲಕ್ಕೆ ಯಾಕೆ ಕೊಡಬಾರದು? 2020ರಲ್ಲಿ ಕಿಸಾನ್ ರೈಲು ಅಂತ ಬಿಟ್ಟು ಹಣ್ಣು ತರಕಾರಿಗೆ ಬಾಡಿಗೆಯಲ್ಲಿ ಅರ್ಧ ರಿಯಾಯಿತಿ ಕೊಟ್ಟರು. ಎರಡು ವರ್ಷ ಕಳೆಯುವುದರೊಳಗೆ ರಿಯಾಯಿತಿ ಮುಗಿಯಿತು. ಅಂದರೆ ಮಾಡಲು ಆಗದ್ದೇನೂ ಅಲ್ಲ, ಮಾಡಲು ಮನಸ್ಸಿಲ್ಲ.

ಇನ್ನು ಈ ರಸ್ತೆಗಳಿಗೆ ದುಡ್ಡು ಯಾರದು ಅನ್ನುವ ವಿಷಯ. ಕಾರಿನಲ್ಲಿ ಹೋಗುವವರು ಟೋಲ್ ಕಟ್ಟುತ್ತೇವೆ, ರಸ್ತೆ ನಮ್ಮದು ಅಂತ ತಿಳಿದಿದ್ದಾರೆ. ಡೀಸೆಲ್ ಬಂಕಿನಲ್ಲಿ ಕ್ಯಾನು ಹಿಡಿದು ನಿಲ್ಲುವ ರೈತ ಏನು ಕಟ್ಟುತ್ತಾನೆ ಗೊತ್ತೇನು?

ಈ ದೇಶದಲ್ಲಿ ಎಣ್ಣೆಯ ಮೇಲೆ ರಸ್ತೆಗೆಂದು ತೆರಿಗೆ ಹಾಕುವುದು ಬ್ರಿಟಿಷರ ಕಾಲದ್ದು. 1927ರಲ್ಲಿ ಜಯಕರ್ ಸಮಿತಿ ಕೂತಿತು, 1929ರಲ್ಲಿ ಕೇಂದ್ರ ರಸ್ತೆ ನಿಧಿ ಆಯಿತು. 2000ದಲ್ಲಿ ಅದಕ್ಕೆ ಹೊಸ ಕಾಯಿದೆ ಬಂದಾಗ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ 1 ರೂಪಾಯಿ ಸೆಸ್. ಆ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿತ್ತು: ಡೀಸೆಲ್ ಸೆಸ್ಸಿನಲ್ಲಿ ಅರ್ಧ ಪಾಲು ಹಳ್ಳಿ ರಸ್ತೆಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಶುರುವಾದ ಗ್ರಾಮ ಸಡಕ್ ಯೋಜನೆಗೆ ಹಣ ಬಂದದ್ದು ಈ ದಾರಿಯಿಂದ. ಡೀಸೆಲ್ ಸುಡುವವರು ಲಾರಿಯವರು, ಬಸ್ಸಿನವರು, ಟ್ರಾಕ್ಟರಿನವರು. ಆದ್ದರಿಂದ ಅದು ನ್ಯಾಯದ ಮಾತೇ.

ಆಮೇಲೆ ಏನಾಯಿತು? ಸೆಸ್ ಏರುತ್ತಾ ಹೋಯಿತು. 2020ರ ಮೇ ತಿಂಗಳಲ್ಲಿ, ಜನ ಕೊರೊನಾಕ್ಕೆ ಹೆದರಿ ಮನೆಯೊಳಗೆ ಕೂತಿದ್ದಾಗ, ರಸ್ತೆ ಸೆಸ್ಸನ್ನು ಒಂದೇ ಏಟಿಗೆ ಲೀಟರಿಗೆ 8 ರೂಪಾಯಿ ಏರಿಸಿದರು. ಉಳಿದ ಸುಂಕವೂ ಸೇರಿ ಕೇಂದ್ರಕ್ಕೆ ಡೀಸೆಲಿನಿಂದ ಲೀಟರಿಗೆ 31 ರೂಪಾಯಿ 83 ಪೈಸೆ ಹೋಗುತ್ತಿತ್ತು. 2021ರ ನವೆಂಬರಿನಲ್ಲಿ, 2022ರ ಮೇನಲ್ಲಿ ಇಳಿಸಿದರು, ನಿಜ. ಆದರೆ ಆ ಎರಡು ಮುಂಗಾರಿನ ಉಳುಮೆಗೆ ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಇನ್ನೊಂದು ಜಾಣತನ ನೋಡಿ. ಸುಂಕ ಅಂತ ವಸೂಲು ಮಾಡಿದರೆ ಅದರಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕು, ಸೆಸ್ ಅಂದರೆ ಕೊಡಬೇಕಾಗಿಲ್ಲ. 2018ರಲ್ಲಿ ಕಾಯಿದೆ ತಿದ್ದಿ ಆ ನಿಧಿಯ ಹೆಸರಿಗೆ ‘ಮೂಲಸೌಕರ್ಯ’ ಸೇರಿಸಿದರು, ರಸ್ತೆ ಬಿಟ್ಟು ಬೇರೆ ಕೆಲಸಗಳಿಗೂ ಬಾಗಿಲು ತೆರೆದರು. ಗ್ರಾಮ ಸಡಕ್ ಯೋಜನೆಯಲ್ಲಿ ಪೂರ್ತಿ ಖರ್ಚು ಕೇಂದ್ರದ್ದೇ ಆಗಿತ್ತು; 2015-16ರಿಂದ ನೂರಕ್ಕೆ 40 ನೀನು ಹಾಕು ಅಂತ ರಾಜ್ಯದ ತಲೆಗೆ ಕಟ್ಟಿದರು. ರಾಜ್ಯ ಸರ್ಕಾರವೇನು ಧರ್ಮರಾಯನೇ? ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 2024ರ ಜೂನಿನಲ್ಲಿ ಒಮ್ಮೆ, 2025ರ ಏಪ್ರಿಲಿನಲ್ಲಿ ಇನ್ನೊಮ್ಮೆ ಏರಿಸಿ ನೂರಕ್ಕೆ 21.17ಕ್ಕೆ ಒಯ್ದಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಇಲ್ಲಿ ಎತ್ತೂ ಕೋಣವೂ ಒಂದೇ ಕಡೆ ಎಳೆಯುತ್ತಿವೆ, ನಮ್ಮ ಜೇಬಿನ ಕಡೆಗೆ.

ಟೋಲ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಟ್ರಾಕ್ಟರಿಗೆ, ಎತ್ತಿನ ಗಾಡಿಗೆ ಟೋಲ್ ಇಲ್ಲ ಅಂತ ನಿಯಮದಲ್ಲಿದೆ. ಸರ್ವಿಸ್ ರಸ್ತೆ ಇದ್ದ ಕಡೆ ಮುಖ್ಯ ರಸ್ತೆ ಹತ್ತುವಂತಿಲ್ಲ ಅಂತಲೂ ಅದರಲ್ಲೇ ಇದೆ. ನಮ್ಮ ಮಾಲು ಹೊರುವ ಲಾರಿ, ಟೆಂಪೋಗಳಿಗೆ ಟೋಲ್ ಉಂಟು. ಅವನು ಕೈಯಿಂದ ಕಟ್ಟುತ್ತಾನೆಯೇ? ಬಾಡಿಗೆಗೆ ಸೇರಿಸುತ್ತಾನೆ, ಬಾಡಿಗೆ ನಮ್ಮ ಚೀಟಿಗೆ ಇಳಿಯುತ್ತದೆ. 2025ರ ಆಗಸ್ಟ್ 15ರಿಂದ ಕಾರು ಜೀಪಿನವರಿಗೆ 3,000 ರೂಪಾಯಿಗೆ 200 ಸಲ ಟೋಲ್ ದಾಟುವ ವಾರ್ಷಿಕ ಪಾಸ್ ಕೊಟ್ಟರು. ಸೊಪ್ಪಿನ ಟೆಂಪೋಗೆ ಆ ಪಾಸ್ ಇಲ್ಲ. ಸ್ವಾತಂತ್ರ್ಯ ದಿನದ ಉಡುಗೊರೆ ಯಾರಿಗೆ ಕೊಟ್ಟರು ಅಂತ ತಿಳಿಯಲು ಇಷ್ಟು ಸಾಕು. ರಸ್ತೆಗೆ ಹಾಕಿದ ಬಂಡವಾಳ ವಾಪಸ್ ಬಂದ ಮೇಲೆ ಟೋಲನ್ನು ನೂರಕ್ಕೆ 40ಕ್ಕೆ ಇಳಿಸಬೇಕು ಅಂತ 2008ರ ನಿಯಮದಲ್ಲಿತ್ತು. 2023ರಲ್ಲಿ ಅದನ್ನೂ ತಿದ್ದಿ ಪೂರ್ತಿ ಟೋಲ್ ಮುಂದುವರಿಸಲು ದಾರಿ ಮಾಡಿಕೊಂಡರು.

ಈಗ ಜಮೀನಿಗೆ ಬರೋಣ. ಇದು ನನ್ನ ಹೊಟ್ಟೆಯೊಳಗಿನ ಸಂಕಟ, ಸ್ವಲ್ಪ ತಾಳ್ಮೆಯಿಂದ ಓದಿ.

ನಾಲೆ ಬಯಲಿನಲ್ಲಿ ನಮ್ಮದು 1 ಎಕರೆ 10 ಗುಂಟೆ ಒಂದೇ ತಾಕು. ನಮ್ಮಪ್ಪ ಸಾಲ ಮಾಡಿ ಸಮ ಮಾಡಿಸಿದ ಗದ್ದೆ. 2011ರಲ್ಲಿ ಒಂದು ಬೈಪಾಸಿಗೆ ಅದರ ನಡುವೆ 14 ಗುಂಟೆ ಹೋಯಿತು. ಯಾವ ಬೈಪಾಸು, ಯಾವ ಕಚೇರಿ ಎಂಬುದು ಬೇಡ. ನಿಮ್ಮೂರಿನ ಕಚೇರಿ ನೆನೆಸಿಕೊಂಡರೆ ಸಾಕು, ವ್ಯತ್ಯಾಸ ಇರುವುದಿಲ್ಲ. ಇತ್ತ 26 ಗುಂಟೆ ಉಳಿಯಿತು, ಅತ್ತ 10 ಗುಂಟೆ. ಅತ್ತ ಕಡೆಗೆ ನೀರು ಹೋಗುತ್ತಿದ್ದ ಕಾಲುವೆ ಮುಚ್ಚಿತು. ಪೈಪು ಹಾಕಿಸಿಕೊಡುತ್ತೇವೆ ಅಂದರು. ಹಾಕಿದರು, ಗದ್ದೆ ಮಟ್ಟಕ್ಕಿಂತ ಒಂದು ಮೊಳ ಕೆಳಗೆ. ನೀರು ಮೇಲಕ್ಕೆ ಹತ್ತುತ್ತದೆಯೇ? ಕೂಗಿದರೆ ಕೇಳುವಷ್ಟು ದೂರದ ಆ 10 ಗುಂಟೆಗೆ ಹೋಗಲು ಈಗ ಅಂಡರ್‌ಪಾಸ್ ಹುಡುಕಿಕೊಂಡು ಎರಡು ಮೈಲಿ ಸುತ್ತಬೇಕು. ಹುಲ್ಲಿನ ಲೋಡು, ಕಬ್ಬಿನ ಲೋಡು ಅದರ ಸೂರಿಗೆ ತಗಲುತ್ತದೆ. ಹತ್ತು ಗುಂಟೆ ಬೀಳು ಬಿದ್ದಿದೆ. ಅದಕ್ಕೆ ಪರಿಹಾರದ ಪಟ್ಟಿಯಲ್ಲಿ ಜಾಗವೇ ಇಲ್ಲ, ಯಾಕೆಂದರೆ ಕಾಗದದಲ್ಲಿ ಅದು ಇನ್ನೂ ನನ್ನದೇ!

ಬೆಲೆ ಹೇಗೆ ಕಟ್ಟಿದರು ಅಂತೀರಾ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಂದಿನ ಮೂರು ವರ್ಷದ ಕ್ರಯಪತ್ರ ತೆಗೆಸಿದರು. ಇಲ್ಲಿ ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಸ್ಟಾಂಪು ಖರ್ಚು ಉಳಿಸಲು ನಾವೇ ಹತ್ತು ಲಕ್ಷದ ಜಮೀನನ್ನು ನಾಲ್ಕು ಲಕ್ಷ ಅಂತ ಬರೆಸಿದ್ದೇವೆ. ಆ ಸುಳ್ಳು ಕಾಗದವೇ ತಿರುಗಿ ಬಂದು ನಮ್ಮ ಗದ್ದೆಯ ಬೆಲೆ ಆಯಿತು. ಜಂಟಿ ಖಾತೆ ಅಂತ ತಮ್ಮನ ಸಹಿಗೆ ಆರು ತಿಂಗಳು. ಹಣ ಬಂದ ದಿನವೇ ಬ್ಯಾಂಕಿನವರು ಬೆಳೆ ಸಾಲಕ್ಕೆ ಮುರಿದುಕೊಂಡರು. ಮುಂದಿನ ವರ್ಷ ಸಾಲಕ್ಕೆ ಹೋದರೆ ‘ಪಹಣಿಯಲ್ಲಿ ವಿಸ್ತೀರ್ಣ ಕಮ್ಮಿ ಆಗಿದೆ, ಅಷ್ಟು ಸಾಲ ಬರಲ್ಲ’ ಅಂದರು. ಉಳಿದದ್ದಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ. ಗದ್ದೆ ಹೋದವನ ಸಾಲ ತೀರಬೇಕಲ್ಲವೇ? ನನ್ನ ಸಾಲ ಶುರುವಾದದ್ದೇ ಗದ್ದೆ ಹೋದ ಮೇಲೆ.

ಇದು ನನ್ನ ಹಣೆಬರಹ ಅಂತ ಸುಮ್ಮನಿದ್ದೆ. ಆಮೇಲೆ ತಿಳಿಯಿತು, ಇದು ಕಾಯಿದೆಯಲ್ಲೇ ಬರೆದ ಹಣೆಬರಹ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಗೆ 1997ರಲ್ಲಿ ಒಂದು ತಿದ್ದುಪಡಿ ತಂದು 3ಎ ಇಂದ 3ಜೆ ವರೆಗೆ ಕಲಮುಗಳನ್ನು ಸೇರಿಸಿದರು. ಕೊನೆಯ 3ಜೆ ಹೇಳುತ್ತದೆ: 1894ರ ಭೂಸ್ವಾಧೀನ ಕಾಯಿದೆ ಹೆದ್ದಾರಿಗೆ ಅನ್ವಯಿಸುವುದಿಲ್ಲ. ಆ ಬ್ರಿಟಿಷ್ ಕಾಯಿದೆಯಲ್ಲಾದರೂ 1984ರಿಂದ ಬೆಲೆಯ ಮೇಲೆ ನೂರಕ್ಕೆ 30 ಸೊಲೇಷಿಯಂ, ಅಂದರೆ ಒತ್ತಾಯದಿಂದ ಕಿತ್ತುಕೊಂಡದ್ದಕ್ಕೆ ಹೆಚ್ಚಿನ ಹಣ, ಮತ್ತು ಬಡ್ಡಿ ಇತ್ತು. ಹೆದ್ದಾರಿಗೆ ಹೋದರೆ ಅದೂ ಇಲ್ಲ! ಅದೇ ಬದುವಿನ ಪಕ್ಕದ ಜಮೀನು ಸರ್ಕಾರಿ ಹಾಸ್ಟೆಲಿಗೆ ಹೋಗಿದ್ದರೆ ನೂರಕ್ಕೆ ಮೂವತ್ತು ಹೆಚ್ಚು, ರಸ್ತೆಗೆ ಹೋದರೆ ಸೊನ್ನೆ. 2013ರ ಹೊಸ ಭೂಸ್ವಾಧೀನ ಕಾಯಿದೆ ಬಂದಾಗಲೂ ಹೆದ್ದಾರಿಯನ್ನು ಹೊರಗೆ ಕೂರಿಸಿದರು. ಅದರ ಪರಿಹಾರದ ಲೆಕ್ಕ ಹೆದ್ದಾರಿಗೂ ಅನ್ವಯಿಸುತ್ತದೆ ಅಂತ ಆದೇಶ ಬಂದದ್ದು 2015ರ ಆಗಸ್ಟಿನಲ್ಲಿ.

2019ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತರ್ಸೇಮ್ ಸಿಂಗ್ ಅವರ ಕೇಸಿನಲ್ಲಿ ಈ 3ಜೆ ಕಲಮು ಸೊಲೇಷಿಯಂ, ಬಡ್ಡಿ ತಪ್ಪಿಸುವಷ್ಟರ ಮಟ್ಟಿಗೆ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಒಬ್ಬನ ಜಮೀನು ಯಾವ ಕಾಯಿದೆಯಲ್ಲಿ ಹೋಯಿತು ಎಂಬುದರ ಮೇಲೆ ಅವನಿಗೆ ಕಮ್ಮಿ, ಇವನಿಗೆ ಜಾಸ್ತಿ ಕೊಡುವುದು ಸಮಾನತೆಯಲ್ಲ ಅಂತ ಅದರ ಸಾರ. ಹೆದ್ದಾರಿ ಪ್ರಾಧಿಕಾರ ಸುಮ್ಮನಿತ್ತೇ? ತೀರ್ಪು ಮುಂದಿನವರಿಗೆ ಮಾತ್ರ ಇರಲಿ, ಹಿಂದಿನವರಿಗೆ ಬೇಡ ಅಂತ ಮತ್ತೆ ಕೋರ್ಟಿಗೆ ಹೋಯಿತು. 2025ರ ಫೆಬ್ರವರಿ 4ರಂದು ಕೋರ್ಟು ಆ ಅರ್ಜಿಯನ್ನು ವಜಾ ಮಾಡಿತು. ಅದರ ಮೇಲೂ ಅದೇ ವರ್ಷ ಮರುಪರಿಶೀಲನೆ ಕೇಳಿದರು. ಸಾವಿರಾರು ಕೋಟಿ ಹೊರೆ ಬೀಳುತ್ತದೆಯಂತೆ. ಆ ಸಾವಿರಾರು ಕೋಟಿ ಇಷ್ಟು ವರ್ಷ ಯಾರ ಹತ್ತಿರ ಇತ್ತು ಸ್ವಾಮಿ? ನಮ್ಮ ಹತ್ತಿರ ಇರಬೇಕಾದದ್ದು ನಿಮ್ಮ ಹತ್ತಿರ ಇತ್ತು, ನಾವು ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಬೇರೆಯವರ ಹತ್ತಿರ ತರುತ್ತಿದ್ದೆವು.

ಇನ್ನೊಂದು ಮಾತು ಹಿರಿಯರಿಗೆ ನೆನಪಿರುತ್ತದೆ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಎದ್ದದ್ದು ಯಾಕೆ? ಮಲಪ್ರಭಾ ಕಾಲುವೆಯಿಂದ ನಿಮ್ಮ ಹೊಲದ ಬೆಲೆ ಏರಿದೆ, ಅಭಿವೃದ್ಧಿ ಕರ ಕಟ್ಟಿ ಅಂದದ್ದಕ್ಕೆ. ನೀರು ಸರಿಯಾಗಿ ಬಾರದ ಕಡೆಯೂ ಕೇಳಿದರು. ಸರ್ಕಾರದ ಕಾಲುವೆ ಬಂದು ಬೆಲೆ ಏರಿದರೆ ಆ ಏರಿಕೆ ಸರ್ಕಾರದ್ದು. ಸರ್ಕಾರದ ಹೆದ್ದಾರಿ ಬಂದು ಬೆಲೆ ಏರಿದರೆ? ಅಧಿಸೂಚನೆ ಬಂದ ದಿನದ ಬೆಲೆ ಮಾತ್ರ ನಿಮಗೆ, ರಸ್ತೆ ಬರುತ್ತದೆ ಅಂತ ಏರಿದ ಬೆಲೆ ಲೆಕ್ಕಕ್ಕಿಲ್ಲ ಅನ್ನುತ್ತಾರೆ. ಏರಿದ್ದು ಸಿಗುವುದು ಬೈಪಾಸಿನ ಪಕ್ಕದಲ್ಲಿ ಮೊದಲೇ ಸುಳಿವು ಹಿಡಿದು ಜಮೀನು ಕೊಂಡ ಪೇಟೆಯ ಬುದ್ಧಿವಂತನಿಗೆ.

ಜಮೀನಿನ ದುಡ್ಡಷ್ಟೇ ಅಲ್ಲ, ರಸ್ತೆ ಆದ ಮೇಲಿನ ಬಾಳೂ ಬೇರೆಯೇ. ಬೆಂಗಳೂರು-ಮೈಸೂರು ಹೆದ್ದಾರಿ ನೋಡಿ. 118 ಕಿಲೋಮೀಟರ್, ಸುಮಾರು 8,480 ಕೋಟಿ. 2023ರ ಮಾರ್ಚ್ 12ರಂದು ಪ್ರಧಾನಿ ಮಂಡ್ಯಕ್ಕೆ ಬಂದು ಉದ್ಘಾಟನೆ ಮಾಡಿದರು. ಒಂದು ವಾರ ತುಂಬುವ ಮೊದಲೇ ಮಳೆ ಬಂದು ರಾಮನಗರದ ಹತ್ತಿರ ರಸ್ತೆ ಮೇಲೆ ನೀರು ನಿಂತಿತು. ಆಗ ಹೆದ್ದಾರಿ ಪ್ರಾಧಿಕಾರದವರು ಕೊಟ್ಟ ಕಾರಣ ಏನು? ಹಳ್ಳಿಯವರು ತಮ್ಮ ಜಮೀನಿಗೆ ಹೋಗಲು ಚರಂಡಿಗೆ ಮಣ್ಣು ತುಂಬಿ ದಾರಿ ಮಾಡಿಕೊಂಡಿದ್ದಾರೆ, ಅದಕ್ಕೇ ನೀರು ಕಟ್ಟಿತು ಅಂತ. ಪೇಟೆಯ ಜನ ಓದಿ ನಕ್ಕರು. ನಾನು ಆ ಸುದ್ದಿಯನ್ನು ಎರಡು ಸಲ ಓದಿದೆ. ಸಾವಿರಾರು ಕೋಟಿಯ ರಸ್ತೆಯ ಪಕ್ಕದಲ್ಲಿ ರೈತ ಬಾಂಡಲಿ ಹಿಡಿದು ಮಣ್ಣು ಹೊತ್ತು ದಾರಿ ಮಾಡಿಕೊಳ್ಳಬೇಕಾಯಿತು ಅಂದರೆ ನಕ್ಷೆ ಬರೆದವನ ಕಣ್ಣಿಗೆ ಅವನ ಹೊಲ ಬಿದ್ದಿರಲಿಲ್ಲ ಎಂದು ಅರ್ಥ. ತಪ್ಪನ್ನು ಅವರೇ ಒಪ್ಪಿಕೊಂಡ ಹಾಗಾಯಿತು, ಗೊತ್ತಿಲ್ಲದೆ.

ಆ ವರ್ಷ ಅದೇ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ಮುಖ್ಯ ರಸ್ತೆಗೆ ಬರಕೂಡದು ಅಂತ ನಿಷೇಧ ಹಾಕಿದರು. ವೇಗದ ರಸ್ತೆಯಲ್ಲಿ ಟ್ರಾಕ್ಟರ್ ಓಡಿಸುವುದು ಅಪಾಯ, ಒಪ್ಪುತ್ತೇನೆ. ನಾವೂ ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆ ಹಾಕಿ ಬೈಕಿನವರನ್ನು ಬೀಳಿಸಿದ್ದೇವೆ, ಅದು ಬಿಡಬೇಕಾದ ಚಾಳಿ. ಆದರೆ ಮುಖ್ಯ ರಸ್ತೆಯಿಂದ ಇಳಿಸುವ ಮೊದಲು ಸರ್ವಿಸ್ ರಸ್ತೆಯನ್ನು ಒಂದೇ ಸಮನೆ ಪೂರ್ತಿ ಮಾಡಬೇಡವೇ? ರೈಲ್ವೆ ಹಳಿ ಬಂದ ಕಡೆ, ಸೇತುವೆ ಬಂದ ಕಡೆ ಅದು ಕಡಿದು ಹೋಗುತ್ತಿತ್ತು. ಕಬ್ಬಿನ ಟ್ರಾಕ್ಟರ್ ಅಲ್ಲಿ ರೆಕ್ಕೆ ಹಚ್ಚಿಕೊಂಡು ಹಾರಬೇಕೇನು? ಮದ್ದೂರಿನ ವಡೆಯವರ, ಚನ್ನಪಟ್ಟಣದ ಗೊಂಬೆಯವರ ವ್ಯಾಪಾರ ಬೈಪಾಸಿನಿಂದ ಬಿದ್ದದ್ದು ಪೇಪರಿಗೆ ಬಂತು. ಬದುವಿನ ದಾರಿ ಕಡಿದುಹೋದ ರೈತ ಪೇಪರಿಗೆ ಬರಲಿಲ್ಲ. ಬೆಳಗಾವಿಯ ಹಲಗಾ-ಮಚ್ಛೆ ಬೈಪಾಸಿನ ರೈತರು ಫಲವತ್ತಾದ ಜಮೀನು ಬಿಡುವುದಿಲ್ಲ ಅಂತ ಕೋರ್ಟಿನಲ್ಲೂ ಬೀದಿಯಲ್ಲೂ ವರ್ಷಗಟ್ಟಲೆ ನಿಂತದ್ದರಿಂದ ಅಷ್ಟಾದರೂ ಸುದ್ದಿಯಾದರು.

ಹಳ್ಳಿ ರಸ್ತೆಯ ಪಾಡು ನಿಮಗೆ ನಾನು ಹೇಳಬೇಕಾಗಿಲ್ಲ. 1943ರಲ್ಲಿ ನಾಗಪುರದಲ್ಲಿ ಎಂಜಿನಿಯರುಗಳು ಸೇರಿ ದೇಶದ ರಸ್ತೆಗೆ ಯೋಜನೆ ಬರೆದಾಗ, ಒಳ್ಳೆಯ ವ್ಯವಸಾಯದ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರ ಇರಬಾರದು ಅಂತ ಬರೆದಿದ್ದರು. ಪರಕೀಯರ ಆಳ್ವಿಕೆಯ ಕಾಲದಲ್ಲೂ ಹಳ್ಳಿಯಿಂದ ಅಳೆಯುವ ಬುದ್ಧಿ ಇತ್ತು. ಈಗ ಅಳೆಯುವುದು ಎರಡು ಮಹಾನಗರಗಳ ನಡುವೆ ಎಷ್ಟು ಗಂಟೆ ಅಂತ. ರಾಷ್ಟ್ರೀಯ ಹೆದ್ದಾರಿ ದೇಶದ ಒಟ್ಟು ರಸ್ತೆಯಲ್ಲಿ ನೂರಕ್ಕೆ ಎರಡು ಪಾಲು. ಗದ್ದೆಯಿಂದ ಮಾಲು ಹೊರಡುವುದು ಮಿಕ್ಕ ತೊಂಬತ್ತೆಂಟರ ಮೇಲೆ. ಲಾರಿಯವನು ಹಳ್ಳಿಯ ಮೂರು ಮೈಲಿಗೆ ಕೇಳುವ ಬಾಡಿಗೆ ಹೆದ್ದಾರಿಯ ಮೂವತ್ತು ಮೈಲಿಗೆ ಕೇಳುವುದಕ್ಕಿಂತ ಹೆಚ್ಚು, ಯಾಕೆಂದರೆ ಕಟ್ಟು ಮುರಿಯುವುದು, ಟೈರು ಒಡೆಯುವುದು ಅಲ್ಲೇ.

ಹಣ ಮಾತ್ರವಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಹತ್ತಿರ ಒಂದು ಬಸ್ಸು ವಿ.ಸಿ. ನಾಲೆಗೆ ಬಿತ್ತು. 30 ಜನ ಸತ್ತರು, ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿ ಇದ್ದರು. ಏರಿಗೆ ತಡೆಗೋಡೆ ಇರಲಿಲ್ಲ. 2023ರಲ್ಲಿ ಮತ್ತೆ ಕಾರುಗಳು ಅದೇ ನಾಲೆಗೆ ಬಿದ್ದು ಮತ್ತೆ ಜನ ಸತ್ತರು. ಹತ್ತು ಪಥದ ರಸ್ತೆಗೆ ಸಾವಿರ ಸಾವಿರ ಕೋಟಿ ಸುರಿದ ಜಿಲ್ಲೆಯಲ್ಲೇ ನಾಲೆ ಏರಿಗೆ ಕಲ್ಲುಗೋಡೆಗೆ ಹಣ ಇರಲಿಲ್ಲ. ರಸ್ತೆ ನೀತಿ ಯಾರಿಗಾಗಿ ಇದೆ ಅಂತ ಕೇಳಿದರೆ ನಾನು ಆ ನಾಲೆ ಏರಿಯನ್ನು ತೋರಿಸುತ್ತೇನೆ.

ಹಾಗಾದರೆ ನಾವು ಏನು ಕೇಳಬೇಕು? ಡೀಸೆಲ್ ಸೆಸ್ಸಿನಲ್ಲಿ ಅರ್ಧ ಪಾಲು ಹಳ್ಳಿ ರಸ್ತೆಗೆ, ನಾಲೆ ಏರಿಗೆ ಬರಬೇಕು, ಅದೂ ಲೆಕ್ಕವನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ರೈತನ ಮಾಲು ಹೊತ್ತ ಗಾಡಿಗೆ ಟೋಲ್ ಇರಬಾರದು. ಬೆಂಬಲ ಬೆಲೆಯೂ ಕಬ್ಬಿನ ದರವೂ ಗದ್ದೆ ಬದುವಿನ ದರವಾಗಿರಬೇಕು. ವೈಜ್ಞಾನಿಕ ಬೆಲೆ ಅಂದರೆ ಅದರಲ್ಲಿ ಬಾಡಿಗೆ ಸೇರಿರಬೇಕು. ಹೆದ್ದಾರಿ ಕಡಿದ ಪ್ರತಿ ಕಾಲುವೆಯನ್ನೂ ಪ್ರತಿ ಗಾಡಿದಾರಿಯನ್ನೂ ಡಾಂಬರು ಹಾಕುವ ಮೊದಲು ಸರಿ ಮಾಡಬೇಕು. ಎರಡು ತುಂಡಾಗಿ ಉಳಿದ ಜಮೀನು ಬೇಸಾಯಕ್ಕೆ ಬಾರದಿದ್ದರೆ ರೈತ ಕೇಳಿದಾಗ ಅದನ್ನೂ ಅದೇ ಬೆಲೆಗೆ ಕೊಳ್ಳಬೇಕು. ಇದರಲ್ಲಿ ಯಾವುದೂ ಭಿಕ್ಷೆಯಲ್ಲ.

ಕೊಡುವವರೆಗೆ ಕಾಯುತ್ತಾ ಕೂರಬೇಡಿ. ನಿಮ್ಮೂರಿನ ಸರ್ವೆ ನಂಬರುಗಳು ಪೇಪರಿನಲ್ಲಿ ಬಂದ ದಿನ, ಅದು 3ಎ ಅಧಿಸೂಚನೆ, ಅಂದಿನಿಂದಲೇ ಲೆಕ್ಕ ಇಡಿ. ಗೆಜೆಟ್ಟಿನಲ್ಲಿ ಪ್ರಕಟವಾದ 21 ದಿನದೊಳಗೆ ಬರಹದಲ್ಲಿ ಆಕ್ಷೇಪಣೆ ಕೊಡಬೇಕು, ನಕಲಿಗೆ ಸೀಲು ಹಾಕಿಸಿಕೊಳ್ಳಬೇಕು. ಹಬ್ಬ, ನಾಟಿ, ತಿಥಿ ಅಂತ ಆ 21 ದಿನ ಕಳೆದರೆ ಮುಗಿಯಿತು; 3ಡಿ ಘೋಷಣೆ ಬಂದ ಗಳಿಗೆಗೆ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ, ನಿಮ್ಮ ಕೈಗೆ ಒಂದು ಕಾಸು ಬಂದಿರದಿದ್ದರೂ. ಆಕ್ಷೇಪಣೆಯಲ್ಲಿ ಜಮೀನು ಕೊಡುವುದಿಲ್ಲ ಅಂತ ಒಂದೇ ಸಾಲು ಬರೆದು ಬರಬೇಡಿ. ಕಾಲುವೆ ಎಲ್ಲಿ ಕಡಿಯುತ್ತದೆ, ತೂಬು ಎಲ್ಲಿದೆ, ಗಾಡಿದಾರಿ ಎಲ್ಲಿ, ಕೊಳವೆ ಬಾವಿ, ತೆಂಗು, ಪಂಪ್‌ಮನೆ ಎಲ್ಲಾ ಬರೆಯಿರಿ. ದಾರಿಯ ಹಕ್ಕು, ನೀರಿನ ಹಕ್ಕು ಹೋದವರಿಗೆ ಬೆಲೆಯ ನೂರಕ್ಕೆ ಹತ್ತು ಭಾಗ ಅಂತ ಅದೇ ಕಾಯಿದೆಯ 3ಜಿ ಕಲಮಿನಲ್ಲಿದೆ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ. ಪರಿಹಾರ ಕಮ್ಮಿ ಅನ್ನಿಸಿದರೆ ಮಧ್ಯಸ್ಥಗಾರರ ಮುಂದೆ ಅರ್ಜಿ ಹಾಕಬಹುದು. ಆ ಮಧ್ಯಸ್ಥಗಾರನನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ ಎಂಬುದು ಇನ್ನೊಂದು ತಮಾಷೆ. ಆದರೂ ಹಾಕಿ, ಮುಂದೆ ಕೋರ್ಟಿಗೆ ಹೋಗಲು ಅದೇ ಮೆಟ್ಟಿಲು.

ನೋಟೀಸು ಬಂದರೆ ಮುಗಿದೇ ಹೋಯಿತು ಅಂತ ಹೆದರುವವರು ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿ ನೆನಪಿಡಿ. ಅದು ರಸ್ತೆಗಲ್ಲ, ಕೈಗಾರಿಕೆಗೆ. 1,777 ಎಕರೆಗೆ ಕೈಹಾಕಿದ್ದ ಸರ್ಕಾರ ಮೂರು ವರ್ಷಕ್ಕೂ ಮೀರಿದ ಧರಣಿಯ ಮುಂದೆ 2025ರ ಜುಲೈ 15ರಂದು ಸ್ವಾಧೀನ ಕೈಬಿಡುತ್ತೇವೆ ಅಂದಿತು.

1997ರಿಂದ 2014ರವರೆಗೆ ಹೆದ್ದಾರಿಗೆ ಜಮೀನು ಕಳೆದುಕೊಂಡು ಸೊಲೇಷಿಯಂ ಬಾರದವರು ನಮ್ಮ ಭಾಗದಲ್ಲಿ ಬಹಳ ಜನ ಇದ್ದಾರೆ. ನಿಮ್ಮ ಕೇಸು ಆ ತೀರ್ಪಿಗೆ ಹೊಂದುತ್ತದೋ ಇಲ್ಲವೋ ಬಲ್ಲ ವಕೀಲರಿಗೆ ತೋರಿಸಿ, ದಲ್ಲಾಳಿಗೆ ಅಲ್ಲ. ನೂರಕ್ಕೆ ಇಷ್ಟು ಕೊಡಿ ಮಾಡಿಸಿಕೊಡ್ತೀನಿ ಅನ್ನುವವರು ಈಗಲೇ ಊರೂರು ಸುತ್ತುತ್ತಿದ್ದಾರೆ. ನನ್ನ ಅರ್ಜಿ ಇನ್ನೂ ಇತ್ಯರ್ಥ ಆಗಿಲ್ಲ, ವಾಯಿದೆ ಮೇಲೆ ವಾಯಿದೆ ಬೀಳುತ್ತಿದೆ. ಹೋದ ವಾಯಿದೆಗೆ ಬಂದದ್ದು ನಾವು ನಾಲ್ಕೇ ಜನ, ಗುಮಾಸ್ತ ತಲೆ ಎತ್ತಿ ನೋಡಲಿಲ್ಲ. ಮುಂದಿನ ಸಲ ನಲವತ್ತು ಜನ ಹೋಗೋಣ. ಬರುವವರು ಅವಾರ್ಡಿನ ನಕಲು, ಅಂದಿನ ಪಹಣಿ, ಬ್ಯಾಂಕಿನ ಪಾಸ್‌ಬುಕ್ಕು ಮರೆಯದೆ ತನ್ನಿ. ಅವಾರ್ಡು ಕಳೆದಿದ್ದರೆ ಸರ್ವೆ ನಂಬರು ಬರೆದು ಮಾಹಿತಿ ಹಕ್ಕಿನಲ್ಲಿ ಇವತ್ತೇ ಒಂದು ಅರ್ಜಿ ಹಾಕಿ, ಅದಕ್ಕೆ ಹತ್ತು ರೂಪಾಯಿ ಸಾಕು.